ವಾರ್ನಿಶ್ ಕಪಾಟಿಗೆ ಹೊಸ ಬಣ್ಣ: ಕಣ್ಣಿಗೆ ಕಾಣದ ಕೆಲಸವೇ ಮೊದಲು



ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ನಮ್ಮ ಬೆಳಗಾವಿಯ ಮನೆಗಳಲ್ಲಿ ಬಣ್ಣದ ಡಬ್ಬಿಗಳು ಕಾಣಿಸಿಕೊಳ್ಳುತ್ತವೆ. ಕ್ರಿಸ್ತಜಯಂತಿಯ ಹೊತ್ತಿಗೆ ಮನೆ ಚೊಕ್ಕಟವಾಗಿ ಕಾಣಬೇಕೆಂಬ ಆಸೆ ಎಲ್ಲರಿಗೂ ಸಹಜವೇ. ಗೋಡೆಗಳ ಕೆಲಸ ಮುಗಿದ ಮೇಲೆ ಗೃಹಿಣಿಯ ಕಣ್ಣು ಬೀಳುವುದು ಅಡಿಗೆಮನೆಯ ಕಟ್ಟಿಗೆಯ ಕಪಾಟುಗಳ ಮೇಲೆ. ವರ್ಷಗಟ್ಟಲೆ ಒಗ್ಗರಣೆಯ ಹೊಗೆ ಕುಡಿದು ಅವುಗಳ ವಾರ್ನಿಶ್ ಕಪ್ಪಾಗಿರುತ್ತದೆ. “ಇದಕ್ಕೂ ಒಂದು ಕೈ ಬಣ್ಣ ಹಚ್ಚಿಬಿಡೋಣ” ಎಂಬ ಮಾತು ಆಗ ಬರುತ್ತದೆ. ಆ ಒಂದು ಕೈ ಬಣ್ಣದ ಹಿಂದೆ ಎಷ್ಟು ಕೆಲಸವಿದೆ, ಅದರಲ್ಲಿ ಎಷ್ಟು ಎಚ್ಚರ ಬೇಕು ಎಂಬುದನ್ನು ಈ ವಾರ ಸ್ವಲ್ಪ ನಿಧಾನವಾಗಿ ಕಲಿಯೋಣ.

ಮೊದಲು ಮಹಾಂತೇಶ ನಗರದ ಒಂದು ಮನೆಯ ಸಂಗತಿ ಹೇಳುತ್ತೇನೆ. ಚಿಕ್ಕ ಮನೆ, ಇಕ್ಕಟ್ಟಾದ ಅಡಿಗೆಮನೆ, ಒಂದೇ ಕಿಟಕಿ. ಅತ್ತೆ, ಮಗ, ಸೊಸೆ ಮತ್ತು ಎರಡು ವರ್ಷದ ಮೊಮ್ಮಗಳು. ಒಂದು ದಿನ ಸೊಸೆ ಮೆಲ್ಲಗೆ ಮಾತು ತೆಗೆದಳು: “ಅತ್ತಿ, ಅಡಗಿ ಮನ್ಯಾಗ ಹಗಲೊತ್ತಿನ್ಯಾಗೂ ಲೈಟ್ ಹಾಕಬೇಕಾಗೈತ್ರಿ. ಕಪಾಟಿಗೆ ಬಿಳೇ ಬಣ್ಣ ಹಚ್ಚೂಣೇನ್ರಿ?” ಅತ್ತೆಗೆ ಮನಸ್ಸಿಲ್ಲ. “ಚಲೋ ಸಾಗವಾನಿ ಐತವಾ. ನಿಮ್ಮ ಮಾವ ಖಾನಾಪುರದಾಗ ತಾವs ನಿಂತು ಆರಿಸಿ ತಂದದ್ದು. ಅದನ್ನ ಬಣ್ಣದಾಗ ಮುಚ್ಚಿಬಿಡ್ತಿಯೇನು?” ಎಂದರು. ಕೊನೆಗೆ ಸೊಸೆಯ ಮಾತೇ ನಡೆಯಿತು. ಹಬ್ಬಕ್ಕೆ ಹತ್ತು ದಿನವಿರುವಾಗ ಕೆಲಸಗಾರರು ಬಂದರು. ಎರಡೇ ದಿನದಲ್ಲಿ ಹಳೆಯ ವಾರ್ನಿಶ್ ಮೇಲೆಯೇ ಬಿಳಿ ಎನಾಮೆಲ್ ಹಚ್ಚಿ ಹೋದರು. ಹಬ್ಬದ ದಿನ ಅಡಿಗೆಮನೆ ಬೆಳಗಿತು. ಬಂದ ನೆಂಟರೆಲ್ಲ ಮೆಚ್ಚಿಕೊಂಡರು.

ಮುಂದಿನ ಮಳೆಗಾಲಕ್ಕೆ ಹಿಡಿಕೆಗಳ ಸುತ್ತ ಬಣ್ಣ ಉಬ್ಬಿತು. ಶ್ರಾವಣದ ಹೊತ್ತಿಗೆ ಈರುಳ್ಳಿ ಸಿಪ್ಪೆಯಂತೆ ಏಳತೊಡಗಿತು. ಕೆಳಗಿನ ಎರಡು ಬಾಗಿಲುಗಳಿಗೆ ಬಹಳ ಹಿಂದೆ ಯಾವಾಗಲೋ ಹಸಿರು ಎನಾಮೆಲ್ ಹಚ್ಚಿದ್ದರು. ಬಿಳಿಯ ಜೊತೆಗೆ ಆ ಹಸಿರೂ ಚಕ್ಕೆಚಕ್ಕೆಯಾಗಿ ಬಿಟ್ಟುಕೊಂಡಿತು. ಒಂದು ಮಧ್ಯಾಹ್ನ ಸೊಸೆ ನೋಡುತ್ತಾಳೆ, ಮಗು ಕಪಾಟಿನ ಮುಂದೆ ಕುಳಿತು ಉಗುರಿನಿಂದ ಚಕ್ಕೆ ಕೀಳುತ್ತಿದೆ, ಒಂದು ಚೂರು ಬಾಯಲ್ಲೂ ಇದೆ. ಅಂದು ಹೋದದ್ದು ಬಣ್ಣದ ಹಣವೊಂದೇ ಅಲ್ಲ, ಆ ತಾಯಿಯ ಮನಸ್ಸಿನ ನೆಮ್ಮದಿಯೂ ಹೋಯಿತು. ಈ ಮನೆಯಲ್ಲಿ ತಪ್ಪಿದ್ದೆಲ್ಲಿ?

ವಾರ್ನಿಶ್ ಎಂದರೆ ಏನು?

ಬೆಳಗಾವಿಯ ಯಾವ ಮನೆಗೂ ಅಗಸಿ ಚಟ್ನಿ ಹೊಸದಲ್ಲ. ಆ ಅಗಸೆಯಿಂದ ತೆಗೆದ ಎಣ್ಣೆಗೆ ಒಂದು ವಿಶೇಷ ಗುಣವಿದೆ. ತೆಳುವಾಗಿ ಸವರಿ ಗಾಳಿಗೆ ಬಿಟ್ಟರೆ ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾದ ಪೊರೆಯಾಗುತ್ತದೆ. ಶೇಂಗಾ ಎಣ್ಣೆ ಹೀಗೆ ಗಟ್ಟಿಯಾಗುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ನಮ್ಮ ಭಾಗದ ಕುಸುಬಿ ಎಣ್ಣೆಗೂ ಒಣಗುವ ಗುಣವಿದೆ. ಚಿತ್ರಕಾರರ ಬಣ್ಣಗಳಲ್ಲಿ ಅದನ್ನು ಬಳಸುವುದುಂಟು. ಇಂಥ ಒಣಗುವ ಎಣ್ಣೆಯನ್ನು ರಾಳದೊಂದಿಗೆ ಕಾಯಿಸಿ ತಯಾರಿಸಿದ್ದೇ ಹಳೆಯ ಕಾಲದ ವಾರ್ನಿಶ್. ಇಂದಿನ ವಾರ್ನಿಶ್‌ಗಳಲ್ಲಿ ಕಾರ್ಖಾನೆಯ ರಾಳಗಳು ಬಂದಿವೆ. ಆದರೂ ಮರದ ಮೇಲೆ ಗಾಜಿನಂತಹ ನುಣುಪಾದ ಪೊರೆ ಕಟ್ಟುವ ಕೆಲಸ ಮಾತ್ರ ಅದೇ.

ಈಗ ತೊಂದರೆ ಅರ್ಥವಾಗುತ್ತದೆ. ನೀರು, ಎಣ್ಣೆ, ಕೊಳೆ ಯಾವುದೂ ಅಂಟಬಾರದೆಂದೇ ವಾರ್ನಿಶ್ ಹಚ್ಚಿದ್ದು. ಅದೇ ಕಾರಣಕ್ಕೆ ಹೊಸ ಬಣ್ಣವೂ ಅದಕ್ಕೆ ಅಂಟುವುದಿಲ್ಲ. ಅದರ ಮೇಲೆ ಅಡಿಗೆ ಎಣ್ಣೆಯ ಜಿಡ್ಡೂ ಕೂತಿದ್ದರೆ ಕೇಳಲೇಬೇಡಿ. ಬಣ್ಣ ನಿಲ್ಲಬೇಕಾದರೆ ಅದಕ್ಕೆ ಕಾಲೂರಲು ಒರಟು ಜಾಗ ಬೇಕು, ಆ ಜಾಗ ಶುದ್ಧವಾಗಿಯೂ ಇರಬೇಕು. ಆದ್ದರಿಂದ ಜಿಡ್ಡು ತೆಗೆಯುವುದು, ಹೊಳಪು ಮುರಿಯುವುದು, ನಡುವೆ ಹಿಡಿದುಕೊಳ್ಳುವ ಪ್ರೈಮರ್ ಹಚ್ಚುವುದು, ಈ ಮೂರೂ ಆಗಲೇಬೇಕು. ಮಹಾಂತೇಶ ನಗರದ ಆ ಮನೆಯಲ್ಲಿ ಈ ಮೂರೂ ಆಗಿರಲಿಲ್ಲ.

ನಮ್ಮ ನಾಡಿನ ಕುಶಲಕರ್ಮಿಗಳಿಗೆ ಇದು ಹೊಸ ಪಾಠವಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಮೊದಲು ಹುಣಸೆಬೀಜದ ಅಂಟು ಬೆರೆಸಿದ ಲೇಪದಿಂದ ಸಂದುಗಳನ್ನು ಮುಚ್ಚಿ, ಕಲ್ಲಿನ ಪುಡಿ ಬೆರೆತ ಬಿಳಿ ತಳ ಕಟ್ಟಿ, ಅದನ್ನು ನಯ ಮಾಡಿ, ಆಮೇಲಷ್ಟೇ ಕುಂಚ ಹಿಡಿಯುತ್ತಾರೆ.

ನಿಮ್ಮ ಕಪಾಟಿನ ಮೇಲಿರುವುದು ಯಾವುದು?

ಕಪಾಟಿನ ಹೊಳಪೆಲ್ಲ ವಾರ್ನಿಶ್ ಅಲ್ಲ. ಹಳೆಯ ಬಡಿಗರು ಅರಗಿನ ಪಾಲಿಶ್ ಮಾಡುತ್ತಿದ್ದರು. ಅರಗು ಎಂದರೆ ಮುತ್ತುಗದಂತಹ ಮರಗಳ ಮೇಲೆ ಒಂದು ಬಗೆಯ ಸಣ್ಣ ಕೀಟ ಸ್ರವಿಸುವ ರಾಳ. ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಿಂದ ಉಜ್ಜಿದರೆ ಅದೇ ಫ್ರೆಂಚ್ ಪಾಲಿಶ್. ಕರ್ನಾಟಕಕ್ಕೂ ಅರಗಿಗೂ ಹಳೆಯ ನಂಟಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಆರಂಭವಾಯಿತು. ಇಂದು ಅದೇ ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್’ ಎಂಬ ಸರ್ಕಾರಿ ಕಂಪನಿ. 1962ರ ಮಹಾಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಯದೇ.

ಗುರುತಿಸುವ ಕ್ರಮ ಸುಲಭ. ಬಾಗಿಲಿನ ಒಳಮೂಲೆಯಲ್ಲಿ, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಪೊರೆ ಕರಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಮೆತ್ತಗಾದರೆ ಅದು ಲ್ಯಾಕರ್ ಇರಬಹುದು. ಎರಡಕ್ಕೂ ಕರಗದಿದ್ದರೆ ವಾರ್ನಿಶ್ ಅಥವಾ ಪಾಲಿಯುರೆಥೇನ್ ಎಂದು ತಿಳಿಯಿರಿ. ಮೇಲ್ಮೈ ಪ್ಲಾಸ್ಟಿಕ್‌ನಂತೆ ತಣ್ಣಗೆ ನುಣುಪಾಗಿದ್ದು, ಅಂಚಿನಲ್ಲಿ ಕಪ್ಪು ಗೆರೆ ಕಂಡರೆ ಅದು ಸನ್ಮೈಕಾ. ಅದರ ವಿಧಾನ ಬೇರೆ, ಈ ಪಾಠ ಅದಕ್ಕಲ್ಲ.

ಬಣ್ಣ ಹಚ್ಚಲೇಬೇಕೇ?

ಈ ಪ್ರಶ್ನೆಯನ್ನು ಮನೆಯವರೆಲ್ಲ ಕೂಡಿ ಕೇಳಿಕೊಳ್ಳಬೇಕು, ಏಕೆಂದರೆ ಹಚ್ಚಿದ ಬಣ್ಣವನ್ನು ಮರದ ಎಳೆಗಳ ಸಂದಿನಿಂದ ಪೂರ್ತಿ ತೆಗೆಯುವುದು ಬಹಳ ಕಷ್ಟ. ಅತ್ತೆಯ ಮಾತಿನಲ್ಲೂ ಸತ್ಯವಿತ್ತು. ಖಾನಾಪುರದ ಕಾಡಿನ ಭಾಗದಲ್ಲಿ ಸಾಗವಾನಿ, ಹೊನ್ನೆ, ಮತ್ತಿಯಂತಹ ಮರಗಳ ಬೆಲೆ ತಿಳಿದವರಿಗೆ ಆ ಎಳೆಗಳ ಅಂದವೂ ಗೊತ್ತು. ಅಪ್ಪಟ ಸಾಗವಾನಿ ಬಾಗಿಲು ಗಟ್ಟಿಯಾಗಿದ್ದು ಮೇಲ್ಮೈ ಮಾತ್ರ ಕಪ್ಪಾಗಿದ್ದರೆ, ಜಿಡ್ಡು ತೊಳೆದು ಮೆಲ್ಲಗೆ ಉಜ್ಜಿ ಮತ್ತೊಮ್ಮೆ ವಾರ್ನಿಶ್ ಮಾಡುವುದೇ ಒಳ್ಳೆಯದಿರಬಹುದು. ಎಷ್ಟೋ ಸಲ ಕಪ್ಪಾಗಿರುವುದು ವಾರ್ನಿಶ್ ಅಲ್ಲ, ಅದರ ಮೇಲಿನ ಜಿಡ್ಡು. ಒಂದು ಬಾಗಿಲನ್ನು ಚೆನ್ನಾಗಿ ತೊಳೆದು ನೋಡಿದ ಮೇಲೆ ನಿರ್ಧಾರ ಮಾಡಿ.

ಸೊಸೆಯ ಮಾತಿನಲ್ಲೂ ಸತ್ಯವಿತ್ತು. ದಿನಕ್ಕೆ ಐದಾರು ತಾಸು ಆ ಕತ್ತಲಲ್ಲಿ ನಿಲ್ಲುವವಳು ಅವಳೇ ತಾನೇ? ತೇಪೆ ಹಾಕಿದ ಮರ, ಬೇರೆಬೇರೆ ಜಾತಿಯ ಹಲಗೆಗಳು, ಮಸಿಯ ಕಲೆ ಇಳಿದ ಬಾಗಿಲು, ಇವುಗಳಿಗೆ ಬಣ್ಣವೇ ಸರಿಯಾದ ದಾರಿ. ಆದರೆ ಮೊದಲು ಗೆದ್ದಲು ಇದೆಯೇ, ಸಿಂಕ್ ಕೆಳಗಿನ ಹಲಗೆ ನೀರು ಕುಡಿದು ಉಬ್ಬಿದೆಯೇ ಎಂದು ಸೂಜಿಯಿಂದ ಚುಚ್ಚಿ ನೋಡಿ. ಮೆತ್ತಗಾದ ಮರಕ್ಕೆ ಬಣ್ಣ ಹಚ್ಚುವುದು ವ್ಯರ್ಥ. ನಲ್ಲಿಯ ಸೋರಿಕೆ ನಿಲ್ಲಿಸಿ, ಆ ಹಲಗೆ ಬದಲಿಸಿದ ಮೇಲೆಯೇ ಮುಂದಿನ ಮಾತು.

ಧೂಳಿನ ಅಪಾಯವನ್ನು ಮರೆಯಬೇಡಿ

ಇದು ಈ ಪಾಠದ ಅತಿ ಮುಖ್ಯ ಭಾಗ. ಹಿಂದಿನ ಕಾಲದ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದರಲ್ಲೂ ಹಳದಿ, ಹಸಿರು, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಅದು ಹೆಚ್ಚಾಗಿರುವ ಸಂಭವವಿತ್ತು. ಬೇಗ ಒಣಗಲೆಂದು ಸೇರಿಸುವ ಪದಾರ್ಥಗಳಲ್ಲೂ ಸೀಸ ಇರುವುದುಂಟು. ಭಾರತ ಸರ್ಕಾರ 2016ರಲ್ಲಿ ನಿಯಮ ಹೊರಡಿಸಿ, ಮನೆ ಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು ಗೊತ್ತುಪಡಿಸಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕಿಂತ ಹಿಂದೆ ಹಚ್ಚಿದ ಬಣ್ಣದ ಪದರ ನಿಮ್ಮ ಕಪಾಟಿನಲ್ಲಿದ್ದರೆ ಅದರಲ್ಲಿ ಸೀಸ ಇರಬಹುದೆಂದು ಭಾವಿಸಿಯೇ ನಡೆದುಕೊಳ್ಳುವುದು ಜಾಣತನ.

ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ದೊಡ್ಡ ಕೆಲಸ ನಡೆದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ದೇಶದ ಕಣ್ಣು ತೆರೆಸಿದವರಲ್ಲಿ ಪ್ರಮುಖರು. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1999ರಲ್ಲಿ ಹೊರತಂದ ಸಮೀಕ್ಷೆಯಲ್ಲಿ, ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಸೀಸ ಅಂದು ಗೊತ್ತುಪಡಿಸಿದ್ದ ಮಿತಿಗಿಂತ ಹೆಚ್ಚಾಗಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು. 2000ದಲ್ಲಿ ಅದು ದೇಶದಾದ್ಯಂತ ನಿಂತಿತು. ಆದರೆ ಹಳೆಯ ಬಾಗಿಲು, ಕಿಟಕಿ, ಕಪಾಟುಗಳ ಮೇಲಿನ ಸೀಸ ಎಲ್ಲಿಗೂ ಹೋಗಿಲ್ಲ.

ಸೀಸ ದೇಹಕ್ಕೆ ಹೋಗುವುದು ಧೂಳು ಮತ್ತು ಚಕ್ಕೆಗಳ ಮೂಲಕ. ದೊಡ್ಡವರಿಗಿಂತ ಚಿಕ್ಕ ಮಕ್ಕಳ ದೇಹ ಅದನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮೆದುಳಿನ ಬೆಳವಣಿಗೆಗೆ, ಕಲಿಯುವ ಶಕ್ತಿಗೆ ಅದರಿಂದ ಪೆಟ್ಟು ಬೀಳುತ್ತದೆ. ಗರ್ಭಿಣಿಯ ದೇಹದಿಂದ ಹುಟ್ಟಲಿರುವ ಮಗುವಿಗೂ ಅದು ಸಾಗುತ್ತದೆ. ಇಷ್ಟರವರೆಗೆ ಸೀಸ ಇದ್ದರೆ ತೊಂದರೆಯಿಲ್ಲ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಈ ಮಾತುಗಳನ್ನು ನೆನಪಿಡಿ:

• ಹಳೆಯ ಬಣ್ಣದ ಪದರವನ್ನು ಒಣಗಿದಂತೆಯೇ ಉಜ್ಜಬೇಡಿ, ಮಷೀನಿನಿಂದ ಉಜ್ಜಿಸಬೇಡಿ, ಬೆಂಕಿಯಿಂದ ಸುಟ್ಟು ತೆಗೆಯಬೇಡಿ.
• ಅಂಗಡಿಯಲ್ಲಿ ‘ವಾಟರ್ ಪೇಪರ್’ ಎಂದು ಸಿಗುವ ಕಾಗದವನ್ನು ನೀರಿನಲ್ಲಿ ಅದ್ದಿ, ಹಸಿಯಾಗಿ ಉಜ್ಜಿದರೆ ಧೂಳು ಹಾರುವುದಿಲ್ಲ.
• ಮಕ್ಕಳು ಮತ್ತು ಗರ್ಭಿಣಿಯರು ಆ ದಿನಗಳಲ್ಲಿ ನೆಂಟರ ಮನೆಯಲ್ಲಿರಲಿ. ಪಾತ್ರೆ, ಕಾಳುಕಡಿ ಬೇರೆ ಕೋಣೆಗೆ ಹೋಗಲಿ.
• ಉಜ್ಜುವವರು ಮೂಗು-ಬಾಯಿಗೆ ಎನ್-95ರಂತಹ ಒಳ್ಳೆಯ ಮಾಸ್ಕ್ ಕಟ್ಟಲಿ. ಕರ್ಚೀಫು ಸಾಲದು.
• ಕೆಲಸವಾದ ಮೇಲೆ ಕಸಬರಿಗೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕೈ-ಮುಖ ತೊಳೆಯದೆ ಊಟಕ್ಕೆ ಕೂರಬೇಡಿ. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.
• ಬಣ್ಣ ಹಚ್ಚಿದ ಹಳೆಯ ಕಟ್ಟಿಗೆಯನ್ನು ಬಚ್ಚಲ ಒಲೆಗೆ ಹಾಕಬೇಡಿ. ಹೊಗೆಯಲ್ಲೂ ಬೂದಿಯಲ್ಲೂ ಸೀಸ ಬರುತ್ತದೆ.

ಯಾವ ಕಾಲ ಒಳ್ಳೆಯದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಭಾಗದಲ್ಲಿ, ಅದರಲ್ಲೂ ಖಾನಾಪುರದ ಕಡೆ, ಗಾಳಿಯೇ ಒದ್ದೆಯಾಗಿರುತ್ತದೆ. ಮರ ನೀರು ಹೀರಿ ಉಬ್ಬಿರುತ್ತದೆ, ಬಣ್ಣ ಒಣಗುವುದಿಲ್ಲ. ನವೆಂಬರ್ ನಡುವಿನಿಂದ ಬೇಸಿಗೆಯ ಕೊನೆಯವರೆಗೆ ಒಳ್ಳೆಯ ಸಮಯ. ಚಳಿಗಾಲದ ಬೆಳಗಿನ ಇಬ್ಬನಿಯಲ್ಲಿ ಕುಂಚ ಹಿಡಿಯಬೇಡಿ. ಹತ್ತು ಗಂಟೆಯ ಮೇಲೆ ಶುರು ಮಾಡಿ ಮಧ್ಯಾಹ್ನ ಮೂರರೊಳಗೆ ಮುಗಿಸಿದರೆ ರಾತ್ರಿಯ ತಂಪಿಗೆ ಮುನ್ನ ಪದರ ಬಿಗಿಯುತ್ತದೆ.

ಇನ್ನೊಂದು ಮಾತು. ಎನಾಮೆಲ್ ಮುಟ್ಟಲು ಒಂದು ದಿನದಲ್ಲಿ ಒಣಗಿದಂತೆ ಕಂಡರೂ ಒಳಗಿನಿಂದ ಪೂರ್ತಿ ಗಟ್ಟಿಯಾಗಲು ಎರಡು-ಮೂರು ವಾರ ಬೇಕು. ಹಬ್ಬಕ್ಕೆ ನಾಲ್ಕು ದಿನವಿರುವಾಗ ಹಚ್ಚಿದರೆ ಬಾಗಿಲು ಚೌಕಟ್ಟಿಗೆ ಅಂಟುತ್ತದೆ, ಡಬ್ಬಿಗಳ ಗುರುತು ಬೀಳುತ್ತದೆ. ಆಗಮನ ಕಾಲದ ಮೊದಲ ಭಾನುವಾರದ ಹೊತ್ತಿಗೆ ಕೊನೆಯ ಕೈ ಮುಗಿದಿರಬೇಕೆಂದು ಲೆಕ್ಕ ಹಾಕಿಕೊಳ್ಳಿ. ಅಷ್ಟರಲ್ಲಿ ಆಗದಿದ್ದರೆ ಹಬ್ಬ ಮುಗಿದ ಮೇಲೆ ಜನವರಿಯಲ್ಲಿ ಮಾಡಿ.

ಕೆಲಸದ ಕ್ರಮ

1. ಬಿಚ್ಚುವುದು. ಕಪಾಟು ಖಾಲಿ ಮಾಡಿ, ಬಾಗಿಲುಗಳನ್ನು ಬಿಚ್ಚಿ. ಪ್ರತಿಯೊಂದಕ್ಕೂ ಬಿಜಾಗರಿ ಕೂರುವ ಜಾಗದಲ್ಲಿ ಸಂಖ್ಯೆ ಬರೆಯಿರಿ. ಹಿಡಿಕೆ, ಬಿಜಾಗರಿ, ಸ್ಕ್ರೂಗಳನ್ನು ಅದೇ ಸಂಖ್ಯೆಯ ಪೊಟ್ಟಣದಲ್ಲಿ ಕಟ್ಟಿಡಿ. ಬಾಗಿಲು ತೂಗಿರುವಾಗಲೇ ಬಣ್ಣ ಹಚ್ಚಿದರೆ ಬಿಜಾಗರಿಯ ಸುತ್ತ ಮೊದಲು ಬಿರುಕು ಬಿಡುತ್ತದೆ.

2. ಜಿಡ್ಡು ತೆಗೆಯುವುದು. ಅರ್ಧ ಬಕೆಟ್ ಬೆಚ್ಚಗಿನ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ. ಅಡಿಗೆ ಸೋಡಾ ಬೇರೆ, ಇದು ಬೇರೆ. ರಬ್ಬರ್ ಕೈಗವಸು ಹಾಕಿಕೊಂಡು, ಬಟ್ಟೆಯನ್ನು ಅದ್ದಿ ಹಿಂಡಿ ಉಜ್ಜಿ. ಮರಕ್ಕೆ ನೀರು ಸುರಿಯಬೇಡಿ. ಆಮೇಲೆ ಬರಿ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ ಒಂದು ದಿನ ಪೂರ್ತಿ ಒಣಗಲು ಬಿಡಿ. ಉಜ್ಜುವ ಮೊದಲೇ ತೊಳೆಯಬೇಕು. ಹಾಗೆ ಮಾಡದಿದ್ದರೆ ಮರಳುಕಾಗದ ಜಿಡ್ಡನ್ನು ಮರದೊಳಗೆ ತಿಕ್ಕುತ್ತದೆ.

3. ಹೊಳಪು ಮುರಿಯುವುದು. ಮೊದಲು 120 ನಂಬರಿನ, ನಂತರ 180ರ ಮರಳುಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ಮರದ ಎಳೆ ಹೋಗುವ ದಿಕ್ಕಿನಲ್ಲೇ ಉಜ್ಜಿ. ವಾರ್ನಿಶ್ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಪೂರ್ತಿ ತೆಗೆಯುವ ಅಗತ್ಯವಿಲ್ಲ, ಹೊಳಪು ಹೋಗಿ ಮಂಕಾದರೆ ಸಾಕು. ಬಿರುಕು ಬಿಟ್ಟು ಏಳುತ್ತಿದ್ದರೆ ಮಾತ್ರ ಅಲ್ಲಿ ಮರ ಕಾಣುವವರೆಗೆ ತೆಗೆಯಿರಿ. ಪ್ಲೈವುಡ್ ಮೇಲೆ ಅಂಟಿಸಿದ ಸಾಗವಾನಿ ಹಾಳೆ ಒಂದು ಮಿಲಿಮೀಟರ್ ಕೂಡ ದಪ್ಪವಿರುವುದಿಲ್ಲ, ಅಲ್ಲಿ ಕೈ ಹಗುರವಿರಲಿ. ಕೊನೆಗೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಎಲ್ಲಿ ಮಿಂಚುತ್ತದೋ ಅಲ್ಲಿ ಕೆಲಸ ಬಾಕಿಯಿದೆ. ನಂತರ ಟರ್ಪೆಂಟೈನ್ ಸ್ವಲ್ಪ ತಾಗಿಸಿದ ಬಟ್ಟೆಯಿಂದ ಧೂಳು ಒರೆಸಿ.

4. ಪ್ರೈಮರ್. ಎಣ್ಣೆ ಆಧಾರದ ವುಡ್ ಪ್ರೈಮರ್ ಒಂದು ಕೈ ತೆಳುವಾಗಿ ಹಚ್ಚಿ ಒಂದು ರಾತ್ರಿ ಬಿಡಿ. ಹೊನ್ನೆ, ಹಲಸಿನಂತಹ ಬಣ್ಣ ಬಿಡುವ ಮರಗಳ ಮೇಲೆ, ವಿಶೇಷವಾಗಿ ನೀರು ಆಧಾರದ ಬಿಳಿ ಬಣ್ಣ ಹಚ್ಚುವುದಾದರೆ, ಕೆಲವು ದಿನಗಳಲ್ಲಿ ಹಳದಿ ಅಥವಾ ಕಂದು ಕಲೆ ಮೇಲೇಳುತ್ತದೆ. ಅದನ್ನು ತಡೆಯಲು ಮೊದಲು ಅರಗಿನ ದ್ರಾವಣದ ಒಂದು ತೆಳು ಪದರ ಹಚ್ಚುವುದು ಹಳೆಯ, ನಂಬಿಕೆಯ ಉಪಾಯ.

5. ಸಂದು ತುಂಬುವುದು. ಪ್ರೈಮರ್ ಒಣಗಿದ ಮೇಲೆ ಮೊಳೆಯ ತೂತು, ಬಿರುಕುಗಳಿಗೆ ಮರದ ಪುಟ್ಟಿ ತುಂಬಿ, ಒಣಗಿದ ಮೇಲೆ 220ರ ಕಾಗದದಿಂದ ನಯ ಮಾಡಿ. ಪುಟ್ಟಿ ಹಾಕಿದ ಜಾಗಕ್ಕೆ ಮತ್ತೊಮ್ಮೆ ಪ್ರೈಮರ್ ತಾಗಿಸಿ.

6. ಪರೀಕ್ಷೆ. ಎಲ್ಲ ಬಾಗಿಲುಗಳಿಗೂ ಕೈ ಹಾಕುವ ಮುನ್ನ ಒಂದು ಬಾಗಿಲಿನ ಒಳಬದಿಯಲ್ಲಿ ಇಷ್ಟೂ ಕ್ರಮ ಮಾಡಿ, ಬಣ್ಣದ ಒಂದು ಕೈ ಹಚ್ಚಿ ಮೂರು ದಿನ ಬಿಡಿ. ಬ್ಲೇಡಿನಿಂದ ಕತ್ತರಿಯಾಕಾರದಲ್ಲಿ ಎರಡು ಗೀರು ಎಳೆದು, ಅದರ ಮೇಲೆ ಟೇಪ್ ಒತ್ತಿ ಅಂಟಿಸಿ, ಥಟ್ಟನೆ ಎಳೆಯಿರಿ. ಬಣ್ಣ ಟೇಪಿಗೆ ಬಂದರೆ ಜಿಡ್ಡು ಉಳಿದಿದೆ ಅಥವಾ ಉಜ್ಜಿದ್ದು ಸಾಲದು ಎಂದರ್ಥ. ಬರದಿದ್ದರೆ ಧೈರ್ಯವಾಗಿ ಮುಂದುವರಿಯಿರಿ.

7. ಬಣ್ಣ. ದಪ್ಪಗೆ ಒಂದು ಕೈ ಹಚ್ಚುವುದಕ್ಕಿಂತ ತೆಳುವಾಗಿ ಎರಡು ಕೈ ಹಚ್ಚುವುದು ಮೇಲು. ಬಾಗಿಲನ್ನು ಮಲಗಿಸಿ ಹಚ್ಚಿದರೆ ಬಣ್ಣ ಇಳಿಯುವುದಿಲ್ಲ. ಕುಂಚವನ್ನು ಮೂರನೇ ಒಂದು ಭಾಗ ಮಾತ್ರ ಅದ್ದಿ, ಕೊನೆಯ ಎಳೆತ ಮರದ ಎಳೆಯ ದಿಕ್ಕಿಗೇ ಇರಲಿ. ಎರಡು ಕೈಗಳ ನಡುವೆ ಡಬ್ಬಿಯ ಮೇಲೆ ಬರೆದಷ್ಟು ಸಮಯ ಬಿಟ್ಟು, 320ರ ಕಾಗದದಿಂದ ಮೆಲ್ಲಗೆ ಉಜ್ಜಿ ಒರೆಸಿ. ಬಾಗಿಲಿನ ಹಿಂಬದಿ ಮತ್ತು ಅಂಚುಗಳನ್ನು ಬಿಡಬೇಡಿ. ಮುಂದೆ ಮಾತ್ರ ಹಚ್ಚಿದರೆ ಮಳೆಗಾಲದಲ್ಲಿ ಹಿಂಬದಿ ತೇವ ಹೀರಿ ಬಾಗಿಲು ಬಾಗುತ್ತದೆ.

8. ಕಾಯುವುದು. ಒಂದು ವಾರ ಬಿಟ್ಟು ಬಾಗಿಲು ಕೂರಿಸಿ. ಒಂದರ ಮೇಲೊಂದು ಪೇರಿಸಬೇಡಿ, ನಡುವೆ ಪತ್ರಿಕೆಯ ಹಾಳೆ ಇಟ್ಟರೂ ಅಂಟಿಕೊಳ್ಳುತ್ತದೆ. ಮೊದಲ ಮೂರು ವಾರ ಸೋಪು, ಸೋಡಾ ತಾಗಿಸದೆ ಮೆತ್ತನೆಯ ಬಟ್ಟೆಯಿಂದ ಮಾತ್ರ ಒರೆಸಿ.

ಬೆಂಕಿಯ ಎಚ್ಚರ

ಅಡಿಗೆಮನೆಯಲ್ಲಿ ಟರ್ಪೆಂಟೈನ್, ಥಿನ್ನರ್, ಸ್ಪಿರಿಟ್ ಬಳಸುವ ದಿನ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿಗಳನ್ನು ತೆರೆದಿಡಿ. ಮೇಣದಬತ್ತಿ, ಊದುಬತ್ತಿ ಹಚ್ಚಬೇಡಿ. ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಅಗಸೆ ಎಣ್ಣೆ ಅಥವಾ ಎಣ್ಣೆ ವಾರ್ನಿಶ್ ಒರೆಸಿದ ಬಟ್ಟೆಗಳನ್ನು ಮುದುಡಿ ಮೂಲೆಗೆ ಎಸೆದರೆ, ಯಾರೂ ಕಡ್ಡಿ ಗೀರದಿದ್ದರೂ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು. ಆ ಎಣ್ಣೆ ಆಮ್ಲಜನಕ ಹೀರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆಯಲ್ಲಿ ಆ ಬಿಸಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಅಂಥ ಬಟ್ಟೆಗಳನ್ನು ಅಂಗಳದಲ್ಲಿ ಒಂದೊಂದಾಗಿ ಹರಡಿ ಒಣಗಿಸಿ, ಅಥವಾ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ. ಉಳಿದ ಥಿನ್ನರ್ ಅನ್ನು ಗಟಾರಕ್ಕೆ ಸುರಿಯಬೇಡಿ.

ಕೆಲಸಗಾರರ ಕೈಗೆ ಕೊಡುವಾಗ

ಎಲ್ಲರಿಗೂ ತಾವೇ ಮಾಡುವ ಬಿಡುವು ಇರುವುದಿಲ್ಲ. ಪೇಂಟರ್‌ಗೆ ಕೊಡುವಾಗ ನಾವು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಆಗುತ್ತದೆ, ಯಾವಾಗ ಮುಗಿಯುತ್ತದೆ? ಚದರಡಿಗೆ ಇಷ್ಟು ಎಂದು ಗುತ್ತಿಗೆ ಮಾತಾಡಿ, ಅದರಲ್ಲೂ ಚೌಕಾಸಿ ಮಾಡಿ, ಎರಡು ದಿನದಲ್ಲಿ ಮುಗಿಸು ಎಂದು ಅವಸರಪಡಿಸಿದರೆ ಅವನು ಏನನ್ನು ಬಿಡಬೇಕು? ಬಣ್ಣ ಬಿಡುವಂತಿಲ್ಲ, ಅದು ಕಾಣುತ್ತದೆ. ಆದ್ದರಿಂದ ತೊಳೆಯುವುದು, ಉಜ್ಜುವುದು, ಪ್ರೈಮರ್ ಬಿಟ್ಟುಹೋಗುತ್ತವೆ. ಮಹಾಂತೇಶ ನಗರದ ಆ ಮನೆಯವರು ಆಮೇಲೆ ತಾವೇ ಒಪ್ಪಿಕೊಂಡರು: “ತಪ್ಪು ಅವರದೊಂದೇ ಅಲ್ಲ, ಹಬ್ಬ ಹಬ್ಬ ಅಂತ ಅವಸರ ಮಾಡಿದವರು ನಾವು.”

ಆದ್ದರಿಂದ ಮೊದಲೇ ಮಾತಾಡಿ. ತೊಳೆಯಲು, ಉಜ್ಜಲು ಎಷ್ಟು ದಿನ ಎಂದು ಕೇಳಿ, ಆ ದಿನಗಳಿಗೂ ಕೂಲಿ ಕೊಡಿ. ಸೀಸವಿಲ್ಲದ ಬಣ್ಣ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ನೋಡಿ ನೀವೇ ಕೊಂಡುತನ್ನಿ. ನಮ್ಮ ಮಗುವಿಗೆ ಬೇಡವಾದ ಧೂಳು ಅವನ ಎದೆಗೂ ಬೇಡ. ಅವನು ದಿನವೂ ಅದರಲ್ಲೇ ನಿಲ್ಲುವವನು, ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ತನ್ನ ಮಕ್ಕಳನ್ನು ಎತ್ತಿಕೊಳ್ಳುವವನು. ಅವನಿಗೊಂದು ಮಾಸ್ಕ್, ಕೈತೊಳೆಯಲು ಸೋಪು-ನೀರು, ಬಟ್ಟೆ ಬದಲಿಸಲು ಜಾಗ ಕೊಡುವುದು ದೊಡ್ಡ ಖರ್ಚೇನಲ್ಲ. 1955ರಲ್ಲಿ ಹನ್ನೆರಡನೇ ಭಕ್ತಿನಾಥ ಜಗದ್ಗುರುಗಳು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಗೊತ್ತುಪಡಿಸಿದರು. ಮರಗೆಲಸದ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವ ನಾವು ನಮ್ಮ ಮನೆಗೆ ಬರುವ ಕೆಲಸಗಾರನ ಉಸಿರಿನ ಬಗ್ಗೆ ಯೋಚಿಸುವುದು ತಕ್ಕದ್ದೇ.

ಆ ಮನೆ ಈಗ ಹೇಗಿದೆ?

ಮಗುವನ್ನು ವೈದ್ಯರಿಗೆ ತೋರಿಸಿದರು. ರಕ್ತಪರೀಕ್ಷೆಯಾಯಿತು, ಗಾಬರಿಪಡುವಂಥದ್ದೇನೂ ಇಲ್ಲವೆಂದು ತಿಳಿದಾಗ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಹಸಿರು ಪದರವಿದ್ದ ಎರಡು ಕೆಳಬಾಗಿಲುಗಳನ್ನು ಉಜ್ಜಲೇ ಇಲ್ಲ. ಅವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತೆಗೆದು, ಹೊಸ ಬಾಗಿಲು ಮಾಡಿಸಿದರು. ಉಳಿದ ಬಾಗಿಲುಗಳ ಸಡಿಲ ಬಿಳಿ ಬಣ್ಣವನ್ನು ಹಸಿಯಾಗಿ ಉಜ್ಜಿ ತೆಗೆದಾಗ ಕೆಳಗಿನಿಂದ ಸಾಗವಾನಿಯ ಎಳೆಗಳು ಕಂಡವು. ಅದನ್ನು ನೋಡಿ ಸೊಸೆಯೇ ಹೇಳಿದಳಂತೆ: “ಅತ್ತಿ, ಮ್ಯಾಲಿನ ಎರಡು ಬಾಗಲಾ ಹಂಗs ಇರಲಿ ಬಿಡ್ರಿ, ವಾರ್ನಿಶ್ ಮಾಡಸೂಣು.” ಅತ್ತೆ ನಕ್ಕು, “ಕೆಳಗಿಂದೆಲ್ಲಾ ನಿನಗ ಬೇಕಾದ ಬಣ್ಣಾ ಹಚ್ಚವಾ” ಎಂದರಂತೆ. ಹದಿನೈದು ದಿನದ ಕೆಲಸ ಹಿಡಿಯಿತು. ಎರಡು ಮಳೆಗಾಲ ದಾಟಿದೆ, ಬಣ್ಣ ಎಲ್ಲೂ ಎದ್ದಿಲ್ಲ.

ಬಣ್ಣದ ಹೊಳಪನ್ನು ನೆಂಟರು ನೋಡುತ್ತಾರೆ. ಅದರ ಕೆಳಗಿನ ತೊಳೆತ, ಉಜ್ಜುವಿಕೆ, ಕಾಯುವಿಕೆಯನ್ನು ಯಾರೂ ನೋಡುವುದಿಲ್ಲ. ಆದರೆ ಮಳೆಗಾಲದಲ್ಲಿ ಬಣ್ಣವನ್ನು ಹಿಡಿದು ನಿಲ್ಲಿಸುವುದು ಅದೇ. ಈ ವರ್ಷ ನಿಮ್ಮ ಕಪಾಟಿನ ಕೆಲಸಕ್ಕೆ ಇಳಿಯುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ಮನೆಯವರೆಲ್ಲ ಕುಳಿತು ಮಾತಾಡಲು

1. ನಮ್ಮ ಕಪಾಟಿನ ಮೇಲೆ ಯಾವ ಯಾವ ಪದರಗಳಿವೆ? 2017ಕ್ಕಿಂತ ಹಿಂದೆ ಹಚ್ಚಿದ ಬಣ್ಣ ಎಲ್ಲಿದೆ?
2. ನಮಗೆ ಬೇಕಾಗಿರುವುದು ಹೊಸ ಬಣ್ಣವೇ, ಅಥವಾ ಚೆನ್ನಾಗಿ ತೊಳೆದು ಹೊಸ ವಾರ್ನಿಶ್ ಮಾಡಿದರೆ ಸಾಕೇ? ಅಡಿಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುವವರ ಮಾತನ್ನು ಕೇಳಿದ್ದೇವೆಯೇ?
3. ಕೆಲಸದ ದಿನಗಳಲ್ಲಿ ಮಕ್ಕಳು ಎಲ್ಲಿರುತ್ತಾರೆ?
4. ಕೆಲಸಗಾರರಿಗೆ ಸಾಕಷ್ಟು ಸಮಯ, ತಕ್ಕ ಕೂಲಿ ಮತ್ತು ಮಾಸ್ಕ್ ಕೊಡುತ್ತಿದ್ದೇವೆಯೇ?